ರೇಡಿಯೋದ ಪತ್ತೇದಾರ, ನಮ್ಮ ಮನೆಯ ಕಿವಿಗಳು

ಪತ್ತೇದಾರಿ ಕಥೆಯೆಂದರೆ ನಮ್ಮ ಹಿರಿಯರಿಗೆ ಅಷ್ಟಕ್ಕಷ್ಟೆ. ಪಠ್ಯಪುಸ್ತಕದೊಳಗೆ ಪತ್ತೇದಾರಿ ಕಾದಂಬರಿ ಅಡಗಿಸಿಟ್ಟು ಓದಿ ಬೈಸಿಕೊಂಡವರು ನನ್ನ ವಯಸ್ಸಿನ ಹೆಂಗಸರಲ್ಲಿ ಎಷ್ಟು ಮಂದಿ ಇಲ್ಲ! "ಹೆಣ್ಣುಮಕ್ಕಳಿಗೆ ಕೊಲೆ, ದರೋಡೆಯ ಕಥೆ ಎಂತದಕ್ಕೆ?" ಎಂಬುದು ಆಗಿನ ಮಾತು. ಆದರೆ ಅದೇ ಕೊಲೆ, ಅದೇ ದರೋಡೆ, ಅದೇ ಚಾಣಾಕ್ಷ ಇನ್‌ಸ್ಪೆಕ್ಟರ್ ರೇಡಿಯೋದೊಳಗಿಂದ ಬಂದರೆ, ಬೈದವರೇ ವೀಳ್ಯದ ತಟ್ಟೆ ಹಿಡಿದುಕೊಂಡು ಚಾವಡಿಗೆ ಬಂದು ಕೂರುತ್ತಿದ್ದರು. ಪುಸ್ತಕದಲ್ಲಿ ಕೆಟ್ಟದ್ದಾದದ್ದು ಪೆಟ್ಟಿಗೆಯೊಳಗಿಂದ ಬಂದಾಗ ಒಳ್ಳೆಯದಾಗುವುದು ಹೇಗೆ? ಇಷ್ಟು ವರ್ಷ ಶಾಲೆಯಲ್ಲಿ ಪಾಠ ಹೇಳಿದ ಮೇಲೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನಮ್ಮ ನಾಡಿಗೆ ರೇಡಿಯೋ ಬಂದ ಕಥೆಯೇ ಸ್ವಾರಸ್ಯದ್ದು. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಪ್ರಸಾರ ಯಂತ್ರವನ್ನಿಟ್ಟು ಬಾನುಲಿ ಕೇಂದ್ರ ಆರಂಭಿಸಿದರು. ಮುಂದೆ ದೇಶಕ್ಕೆಲ್ಲ ಸಲ್ಲುವ ‘ಆಕಾಶವಾಣಿ’ ಎಂಬ ಹೆಸರು ಮೈಸೂರಿನ ಆ ಕೇಂದ್ರದ್ದು. 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು ಕೇಂದ್ರಗಳು ಬಂದವು. ನಮ್ಮ ಕರಾವಳಿಯವರು ಮಾತ್ರ ಬಹಳ ಕಾಲ ದೂರದ ಕೇಂದ್ರಗಳನ್ನೇ ತಿರುಗಿಸಿ ತಿರುಗಿಸಿ ಹಿಡಿಯಬೇಕಾಗಿತ್ತು. ಮಂಗಳೂರು ಕೇಂದ್ರ ಆರಂಭವಾದದ್ದು 1976ರ ಡಿಸೆಂಬರ್ 11ರಂದು. ಕದ್ರಿ ಗುಡ್ಡದಲ್ಲಿ ಸ್ಟುಡಿಯೋ, ಬ್ರಹ್ಮಾವರದಲ್ಲಿ ಪ್ರಸಾರದ ಗೋಪುರ. ಅಂದಿನಿಂದ ನಮ್ಮ ಮನೆಮಾತಿನ ಏರಿಳಿತ ನಮ್ಮದೇ ಪೆಟ್ಟಿಗೆಯಲ್ಲಿ ಕೇಳಿಬಂತು.

ನಾನು ಹುಟ್ಟಿದ್ದು ಬೆಳ್ತಂಗಡಿ ತಾಲೂಕಿನಲ್ಲಿ, ಘಟ್ಟದ ಬುಡದ ಒಂದು ಹಳ್ಳಿಯಲ್ಲಿ. ರೇಡಿಯೋ ಇದ್ದ ಮನೆಯನ್ನು ದೂರದಿಂದಲೇ ಗುರುತಿಸಬಹುದಾಗಿತ್ತು. ಮಾಡಿನಿಂದ ತೆಂಗಿನ ಮರಕ್ಕೆ ಏರಿಯಲ್ ತಂತಿ ಕಟ್ಟಿರುತ್ತಿತ್ತು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಲೈಸೆನ್ಸಿನ ಹಣ ಕಟ್ಟಿ, ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರಬೇಕು. ಆ ಲೈಸೆನ್ಸು ಹೋದದ್ದು 1980ರ ದಶಕದಲ್ಲಿ. ಕರೆಂಟಿಲ್ಲದ ಮನೆಗಳಲ್ಲಿ ಟ್ರಾನ್ಸಿಸ್ಟರಿನ ಸೆಲ್ಲುಗಳೇ ಸಂಪತ್ತು. ಸ್ವರ ಕುಗ್ಗಿದರೆ ಸೆಲ್ಲುಗಳನ್ನು ತೆಗೆದು ಅಂಗಳದ ಬಿಸಿಲಿಗಿಡುತ್ತಿದ್ದೆವು. ಆ ಬಿಸಿಲಿನ ಶಕ್ತಿಯಿಂದ ಇನ್ನೊಂದು ನಾಟಕ ಕೇಳಿದರೆ ಅದೇ ದೊಡ್ಡ ಲಾಭ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಗುಡುಗಿತೆಂದರೆ ಪೆಟ್ಟಿಗೆಯೊಳಗೆ ಹುರಿಗಡಲೆ ಹುರಿದ ಹಾಗೆ ಸದ್ದು. ಕೊಲೆಗಾರನ ಹೆಸರು ಹೇಳುವ ಹೊತ್ತಿಗೇ ಸರಿಯಾಗಿ ಚಾರ್ಮಾಡಿಯ ಕಡೆ ಮಿಂಚುತ್ತಿತ್ತು.

ಕಣ್ಣಿಗೆ ಏನೂ ಕಾಣದ ನಾಟಕವೊಂದನ್ನು ಹೇಗೆ ಬರೆಯಬೇಕು ಎಂಬ ಚಿಂತೆ ಮೊದಲಿಗೆ ಇಂಗ್ಲೆಂಡಿನಲ್ಲಿ ಬಂತು. 1924ರ ಜನವರಿಯಲ್ಲಿ ಬಿಬಿಸಿಗಾಗಿ ರಿಚರ್ಡ್ ಹ್ಯೂಸ್ ಎಂಬ ತರುಣ ಲೇಖಕರು ಒಂದು ನಾಟಕ ಬರೆದರು. ಅವರು ಕಂಡುಕೊಂಡ ಉಪಾಯ ಬಹಳ ಸರಳ. ಕಥೆ ನಡೆಯುವುದು ಕಲ್ಲಿದ್ದಲಿನ ಗಣಿಯೊಳಗೆ, ದೀಪ ಆರಿಹೋದ ಮೇಲೆ. ಪಾತ್ರಗಳಿಗೂ ಏನೂ ಕಾಣುವುದಿಲ್ಲ, ಕೇಳುವವರಿಗೂ ಏನೂ ಕಾಣುವುದಿಲ್ಲ. ರೇಡಿಯೋಕ್ಕೆಂದೇ ಬರೆದ ಮೊದಲ ನಾಟಕಗಳಲ್ಲಿ ಒಂದಾದ ಇದು ಕತ್ತಲೆಯಲ್ಲಿ ಹುಟ್ಟಿತು ಎಂಬುದನ್ನು ನಾವು ಮರೆಯಬಾರದು. ಕತ್ತಲೆಯೇ ರೇಡಿಯೋದ ರಂಗಮಂಚ. ಕತ್ತಲೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬೆಳೆಯುವ ಕಥೆ ಯಾವುದು? ಒಂದು ಭೂತದ್ದು, ಇನ್ನೊಂದು ಕಳ್ಳನದ್ದು.

ಅಮೆರಿಕದಲ್ಲಿ 1930ರ ಸುಮಾರಿಗೆ ‘ದಿ ಶ್ಯಾಡೋ’ ಎಂಬ ಹೆಸರಿನ ಸ್ವರವೊಂದು ಪತ್ತೇದಾರಿ ಕಥೆಗಳನ್ನು ಹೇಳಲಾರಂಭಿಸಿತು. 1937ರಲ್ಲಿ ಅದೇ ನೆರಳು ನಾಯಕನಾಗಿ ನಾಟಕಮಾಲೆ ಬಂತು. ಆಗ ಅದಕ್ಕೆ ಸ್ವರ ಕೊಟ್ಟವರು ಮುಂದೆ ಸಿನಿಮಾದಲ್ಲಿ ದೊಡ್ಡ ಹೆಸರಾದ ಆರ್ಸನ್ ವೆಲ್ಸ್. ಈ ನಾಯಕ ಯಾರ ಕಣ್ಣಿಗೂ ಬೀಳದೆ ಓಡಾಡಬಲ್ಲ. ಸಿನಿಮಾದಲ್ಲಿ ಇದನ್ನು ತೋರಿಸಲು ಎಷ್ಟು ಕಷ್ಟ! ರೇಡಿಯೋದಲ್ಲಿ ಒಂದು ಪೈಸೆಯ ಖರ್ಚೂ ಇಲ್ಲ. ಇಂಗ್ಲೆಂಡಿನ ರಾಣಿ ಮೇರಿಯವರ ಎಂಬತ್ತನೆಯ ಹುಟ್ಟುಹಬ್ಬದ ಸಲುವಾಗಿ 1947ರಲ್ಲಿ ಬಿಬಿಸಿ ಅಗಾಥಾ ಕ್ರಿಸ್ಟಿಯವರಿಂದ ಒಂದು ರೇಡಿಯೋ ನಾಟಕ ಬರೆಸಿತು. ಎಂಬತ್ತರ ಅಜ್ಜಿಗೆ ಹುಟ್ಟುಹಬ್ಬದ ಉಡುಗೊರೆ ಕೊಲೆಯ ಕಥೆ! ಅದನ್ನೇ ಬೆಳೆಸಿ ‘ದಿ ಮೌಸ್‌ಟ್ರ್ಯಾಪ್’ ಎಂದು 1952ರಲ್ಲಿ ಲಂಡನ್ನಿನ ರಂಗಕ್ಕೆ ತಂದರು. ಅದು 2020ರಲ್ಲಿ ಕೊರೋನಾ ಬರುವವರೆಗೆ ನಿಲ್ಲದೆ ನಡೆಯಿತು, 2021ರಲ್ಲಿ ಮತ್ತೆ ಆರಂಭವಾಯಿತು. ಅಮೆರಿಕದಲ್ಲಿ ಮಾತ್ರ ಟಿ.ವಿ. ಬಂದ ಮೇಲೆ ಈ ನಾಟಕಗಳು ಒಂದೊಂದಾಗಿ ನಿಂತುವು. 1962ರ ಸೆಪ್ಟೆಂಬರ್ 30ರಂದು ಅಲ್ಲಿನ ಕೊನೆಯ ಎರಡು ದೊಡ್ಡ ನಾಟಕಮಾಲೆಗಳು ಒಂದೇ ಸಂಜೆ ಮುಗಿದವು.

ಅಲ್ಲಿ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಆರಂಭವಾಗುತ್ತಿತ್ತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಬಂತು. 1967ರಿಂದ ಅದರಲ್ಲಿ ಜಾಹೀರಾತುಗಳು ಬಂದುವು. ಜಾಹೀರಾತಿನ ಹಿಂದೆಯೇ ಕಂಪೆನಿಗಳು ಹಣ ಕೊಟ್ಟು ನಡೆಸುವ ಕಾರ್ಯಕ್ರಮಗಳೂ ಬಂದುವು. ಅವುಗಳಲ್ಲಿ ಒಂದು ‘ಇನ್‌ಸ್ಪೆಕ್ಟರ್ ಈಗಲ್’. ಈಗಲ್ ಫ್ಲಾಸ್ಕಿನ ಕಂಪೆನಿಯ ಪ್ರಾಯೋಜನೆಯಾದ್ದರಿಂದ ಇನ್‌ಸ್ಪೆಕ್ಟರನಿಗೂ ಅದೇ ಹೆಸರು. ಸ್ವರ ಕೊಟ್ಟವರು ವಿನೋದ್ ಶರ್ಮಾ. ಹಿಂದಿಯಲ್ಲಿದ್ದರೂ ದಕ್ಷಿಣದ ಊರುಗಳಲ್ಲಿಯೂ ಅದಕ್ಕೆ ಕೇಳುಗರಿದ್ದರು.

ಕನ್ನಡದಲ್ಲಿ ಪತ್ತೇದಾರನಿಗೆ ನೆಲೆ ಸಿಕ್ಕಿದ್ದು ಹೆಚ್ಚಾಗಿ ಪುಸ್ತಕದಲ್ಲಿ. ಎನ್. ನರಸಿಂಹಯ್ಯನವರು ಓದಿದ್ದು ನಾಲ್ಕನೆಯ ತರಗತಿಯವರೆಗೆ. ಆದರೆ 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ನಿಂದ ಆರಂಭಿಸಿ ಐನೂರರಷ್ಟು ಕಾದಂಬರಿಗಳನ್ನು ಬರೆದರು. 2011ರಲ್ಲಿ ಅವರು ತೀರಿಕೊಂಡಾಗ, ತಾವು ಕನ್ನಡ ಓದಲು ಕಲಿತದ್ದೇ ಅವರಿಂದ ಎಂದು ನೆನೆದವರು ಬಹಳ. ಕನ್ನಡದ ಹಳದಿ, ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಈ ಪುಸ್ತಕಗಳು ಬಾಡಿಗೆಯ ಲೈಬ್ರೆರಿಗಳಲ್ಲಿ ಕೈಯಿಂದ ಕೈಗೆ ಹೋಗಿ, ಮೊದಲ ಪುಟವೂ ಕೊನೆಯ ಪುಟವೂ ಹರಿದುಹೋದ ಮೇಲೆ ನಮಗೆ ಸಿಗುತ್ತಿದ್ದುವು. ಕೊಲೆಗಾರನ ಹೆಸರಿರುವುದು ಕೊನೆಯ ಪುಟದಲ್ಲಿ! ರೇಡಿಯೋದಲ್ಲಿ ಮಾತ್ರ ಕೊನೆಯ ಪುಟವನ್ನು ಯಾರೂ ಹರಿಯಲಾರರು. ಮುಂದಕ್ಕೆ ತಿರುಗಿಸಿ ನೋಡಲೂ ಆಗದು. ಓದು ಬಾರದವರೂ ಓದಿದವರೂ ಒಂದೇ ಹೊತ್ತಿಗೆ ಒಂದೇ ವಿಷಯ ತಿಳಿಯಬೇಕು. ಮನೆಯ ಹೆಂಗಸರ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ.

ನಮ್ಮ ಜಿಲ್ಲೆಯವರಿಗೆ ಕೇಳುವ ನಾಟಕ ಹೊಸತಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ತಾಳಮದ್ದಲೆ ನಮ್ಮಲ್ಲಿ ರೇಡಿಯೋಕ್ಕಿಂತ ಬಹಳ ಹಳೆಯದು. ವೇಷವಿಲ್ಲ, ಕುಣಿತವಿಲ್ಲ. ಪಂಚೆ ಶಾಲು ಹೊದ್ದು ಕುಳಿತ ಅರ್ಥಧಾರಿ ಬಾಯಿ ತೆರೆದರೆ ಕೌರವನೇ ಎದುರು ಬಂದು ನಿಲ್ಲುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ, ದೇರಾಜೆ ಸೀತಾರಾಮಯ್ಯನವರ ಮಾತನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವಾಲಿಯೂ ರಾಮನೂ ವಾದಿಸುವಾಗ ಯಾರ ಮಾತಿನಲ್ಲಿ ಎಲ್ಲಿ ಬಿರುಕಿದೆ ಎಂದು ಹುಡುಕುತ್ತ ಕೂರುವುದು ನಮ್ಮ ಅಜ್ಜಿಯರಿಗೆ ಅಭ್ಯಾಸವಾಗಿತ್ತು. ಪತ್ತೇದಾರಿ ನಾಟಕ ಕೇಳಲು ಬೇಕಾದ ತಯಾರಿ ಇದಕ್ಕಿಂತ ಬೇರೆ ಏನು?

ಇನ್ನೊಂದು ಕಾರಣ ನಮ್ಮ ದುಡಿಮೆಯಲ್ಲಿತ್ತು. ಕಾಲೇಜಿಗೆಂದು ಮೂಡಬಿದ್ರಿಗೆ ಬಂದಾಗ ನಾವಿದ್ದ ಬಿಡಾರದ ಸುತ್ತ ಬೀಡಿ ಕಟ್ಟುವ ಮನೆಗಳು. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಎಲೆ, ಹೊಗೆಸೊಪ್ಪಿನ ಹುಡಿ, ಕತ್ತರಿ, ನೂಲು. ಕಣ್ಣು ಕೈಗಳು ಎಲೆಯ ಮೇಲೆ, ಕಿವಿ ಮಾತ್ರ ಖಾಲಿ. ಆ ಖಾಲಿ ಕಿವಿಗೆ ರೇಡಿಯೋ ಬಂತು. ನಾಲ್ಕು ಮನೆಯ ಹೆಂಗಸರು ಸೆಲ್ಲಿನ ಹಣ ಹಂಚಿಕೊಂಡು ಒಂದೇ ಜಗಲಿಯಲ್ಲಿ ಕೂರುತ್ತಿದ್ದರು. ನಾಟಕ ಗಟ್ಟಿಯಾದರೆ ಕೈ ನಿಧಾನವಾಗುತ್ತದೆ, ಬ್ರಾಂಚಿಗೆ ಕೊಡಬೇಕಾದ ಲೆಕ್ಕ ತಪ್ಪುತ್ತದೆ ಎಂದು ಅವರೇ ನಗುತ್ತಿದ್ದರು. ನಮ್ಮೂರಲ್ಲಿ ರಾತ್ರಿ ಅಡಿಕೆ ಸುಲಿಯುವಾಗಲೂ ಇದೇ ಕಥೆ. ಟಿ.ವಿ. ಬಂದಾಗ ಕೈಕೆಲಸ ಬಿಟ್ಟು ನೋಡಬೇಕಾಯಿತು. ರೇಡಿಯೋ ಹಾಗಲ್ಲ, ಅದು ದುಡಿಯುವ ಹೆಂಗಸಿನ ಪಕ್ಕದಲ್ಲಿ ಕುಳಿತು ಕಥೆ ಹೇಳಿತು.

ರೇಡಿಯೋ ನಾಟಕದ ಹೊಲಿಗೆಯೂ ಗಮನಿಸುವಂಥದ್ದು. ತೆಂಗಿನ ಗೆರಟೆಗಳನ್ನು ಬಡಿದರೆ ಕುದುರೆ ಓಡುತ್ತದೆ. ತೆಳುವಾದ ತಗಡನ್ನು ಅಲುಗಿಸಿದರೆ ಗುಡುಗು. ಮೊರದಲ್ಲಿ ಕಾಳು ಹೊರಳಿಸಿದರೆ ಮಳೆ. ಆದರೆ ಎಲ್ಲಕ್ಕಿಂತ ದೊಡ್ಡ ಉಪಕರಣ ಮೌನ. ಬಾಗಿಲು ಕಿರ್ರೆಂದು ತೆರೆದು, ಹೆಜ್ಜೆ ನಾಲ್ಕು ಬಂದು, ಐದನೆಯದು ಬಾರದಿದ್ದರೆ ಎದೆ ಹಿಡಿದುಕೊಳ್ಳುತ್ತದೆ. ಪತ್ತೇದಾರನಿಗೆ ಯಾವಾಗಲೂ ಒಬ್ಬ ಸಂಗಾತಿ ಇರುವುದಕ್ಕೂ ಕಾರಣವಿದೆ. ಷರ್ಲಾಕ್ ಹೋಮ್ಸನಿಗೆ ವಾಟ್ಸನ್ ಇದ್ದಂತೆ, ಯಾರಾದರೊಬ್ಬರು "ಇದೇನು ಸಾರ್, ನೆಲದ ಮೇಲೆ ಕೆಸರಿನ ಗುರುತು?" ಎಂದು ಕೇಳದಿದ್ದರೆ ನಮಗೆ ಆ ಗುರುತು ಕಾಣುವುದೇ ಇಲ್ಲ. ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳಲೇಬೇಕು. ಯಾವ ಸಾಕ್ಷಿಯನ್ನೂ ಕಣ್ಸನ್ನೆಯಲ್ಲಿ ಮುಗಿಸುವಂತಿಲ್ಲ. ಈ ಕಟ್ಟಳೆಯ ಬೆಲೆ ನನಗೆ ತಿಳಿದದ್ದು ನಮ್ಮ ದೊಡ್ಡಮ್ಮನಿಂದ.

ದೊಡ್ಡಮ್ಮ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಓದು ಬರೆಹ ಇರಲಿಲ್ಲ. ಅಡಿಗೆ ಮನೆ, ಹಟ್ಟಿ, ಅಡಿಕೆ ಅಂಗಳ ಎಲ್ಲ ಅವರ ಮೇಲೆಯೇ. ಮನೆಯ ತೀರ್ಮಾನಗಳಲ್ಲಿ ಮಾತ್ರ ಅವರನ್ನು ಕೇಳುವ ಪದ್ಧತಿ ಇರಲಿಲ್ಲ. 1980ರ ಸುಮಾರಿಗೆ ಅವರ ಕಣ್ಣಿನ ಪೊರೆಯ ಆಪರೇಷನ್ನಿಗೆಂದು ಬೆಂಗಳೂರಿನ ಚಿಕ್ಕಪ್ಪನ ಮನೆಗೆ ಕರೆದುಕೊಂಡು ಹೋದರು. ರಜೆಯಾದ್ದರಿಂದ ಜೊತೆಗೆ ನಾನೂ ಹೋದೆ. ಆಸ್ಪತ್ರೆಯಿಂದ ಬಂದ ಮೇಲೆ ಕಣ್ಣಿಗೆ ಪಟ್ಟಿ, ಅಲುಗಾಡದೆ ಮಲಗಬೇಕೆಂದು ಡಾಕ್ಟರರ ಅಪ್ಪಣೆ. ದಿನವಿಡೀ ದುಡಿದ ಜೀವಕ್ಕೆ ಅದೊಂದು ಶಿಕ್ಷೆ. ಚಿಕ್ಕಪ್ಪ ಅವರ ತಲೆಯ ಬಳಿ ರೇಡಿಯೋ ತಂದಿಟ್ಟರು.

ಹಾಗೆ ಒಂದು ಸಂಜೆ ಇನ್‌ಸ್ಪೆಕ್ಟರ್ ಈಗಲ್ ಬಂದ. ದೊಡ್ಡಮ್ಮನಿಗೆ ಹಿಂದಿಯ ಒಂದಕ್ಷರ ಬಾರದು. ಚಿಕ್ಕಪ್ಪ ಬಿಟ್ಟು ಬಿಟ್ಟು ಅರ್ಥ ಹೇಳುತ್ತಿದ್ದರು. ಮೂರು ಮಂದಿಯ ಮೇಲೆ ಸಂಶಯ. ಚಿಕ್ಕಪ್ಪ ತಮಾಷೆಗೆ, "ಯಾರು ಮಾಡಿದ್ದು ಹೇಳಿ ಅತ್ತಿಗೆ, ನೋಡುವ" ಎಂದರು. ದೊಡ್ಡಮ್ಮ ಮಲಗಿದಲ್ಲಿಂದಲೇ, "ಆ ಎರಡನೆಯವ. ಕೇಳಿದ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಅವ ಉಸಿರು ತೆಗೆದುಕೊಳ್ತಾನೆ. ಉಳಿದವರು ಹಾಗೆ ಮಾಡುವುದಿಲ್ಲ" ಎಂದರು. ಕೊನೆಗೆ ಎರಡನೆಯವನೇ ಸಿಕ್ಕಿಬಿದ್ದ. ಚಿಕ್ಕಪ್ಪ ಬೆರಗಾಗಿ ನೋಡಿದರು. ಮುಂದಿನ ವಾರ ಪಕ್ಕದ ಮನೆಯವರೂ ಬಂದು ಕೂತರು, ದೊಡ್ಡಮ್ಮ ಏನು ಹೇಳುತ್ತಾರೆಂದು ಕೇಳಲಿಕ್ಕೆ. ಅವರ ಅಭಿಪ್ರಾಯಕ್ಕಾಗಿ ಒಂದು ಕೋಣೆ ತುಂಬ ಜನ ಕಾದು ಕುಳಿತದ್ದನ್ನು ನಾನು ಕಂಡದ್ದು ಅದೇ ಮೊದಲು. ಆಸ್ಪತ್ರೆಗೆ ಗಂಜಿತಿಳಿ ಒಯ್ದ ಫ್ಲಾಸ್ಕೂ ಈಗಲ್ ಕಂಪೆನಿಯದ್ದೇ ಎಂದು ತಿಳಿದಾಗ ಅವರಿಗೆ ಬಹಳ ನಗು.

ಆ ನಗುವಿನ ಹಿಂದೆ ಇನ್ನೊಂದು ಕಥೆ ಇತ್ತು. ಎರಡು ವರ್ಷ ಹಿಂದೆ ನಮ್ಮ ಮನೆಯಲ್ಲಿ ಒಂದು ಬೆಂಡೋಲೆ ಕಾಣೆಯಾಗಿತ್ತು. ಅಡಿಕೆ ಸುಲಿಯಲು ಬರುತ್ತಿದ್ದ ಹೆಂಗಸೊಬ್ಬಳ ಮೇಲೆ ಎಲ್ಲರ ಸಂಶಯ. ಯಾರೂ ಬಾಯಿಬಿಟ್ಟು ಕಳ್ಳಿ ಎನ್ನಲಿಲ್ಲ. ಆದರೆ ಅವಳು ಬಂದಾಗ ಮಾತು ನಿಲ್ಲುತ್ತಿತ್ತು, ಒಳಗಿನ ಬಾಗಿಲು ಮುಚ್ಚುತ್ತಿತ್ತು. "ಅವಳದ್ದಲ್ಲ, ಅವಳ ಸ್ವರದಲ್ಲಿ ಸುಳ್ಳಿಲ್ಲ" ಎಂದು ದೊಡ್ಡಮ್ಮ ಒಬ್ಬರೇ ಹೇಳಿದ್ದು. "ನಿಮಗೆಂತ ಗೊತ್ತು" ಎಂದು ಆ ಮಾತನ್ನು ಬದಿಗೆ ಸರಿಸಿದರು. ಆ ಹೆಂಗಸು ಬರುವುದನ್ನು ನಿಲ್ಲಿಸಿದಳು. ಮಕ್ಕಳನ್ನು ಕಟ್ಟಿಕೊಂಡು ಘಟ್ಟದ ಮೇಲೆ ಕಾಫಿ ತೋಟದ ಕೆಲಸಕ್ಕೆ ಹೋದಳೆಂದು ಕೇಳಿದೆವು. ನಾವು ಬೆಂಗಳೂರಿನಿಂದ ಬಂದ ವರ್ಷ, ಬಚ್ಚಲಿನ ನೀರು ಹೋಗುವ ಚರಂಡಿ ಸರಿಮಾಡಿಸುವಾಗ ಕೆಸರಿನಲ್ಲಿ ಬೆಂಡೋಲೆ ಸಿಕ್ಕಿತು. ಅದನ್ನು ತೊಳೆದು ಒಳಗಿಟ್ಟರು. ಅವಳ ಹೆಸರನ್ನು ಯಾರೂ ಎತ್ತಲಿಲ್ಲ. ಅಂದು ರಾತ್ರಿ ದೊಡ್ಡಮ್ಮ ಊಟ ಮಾಡಲಿಲ್ಲ. "ರೇಡಿಯೋದವ ಆಗಿದ್ದರೆ ಎಲ್ಲರನ್ನೂ ಚಾವಡಿಯಲ್ಲಿ ಕೂರಿಸಿ, ಇವಳು ಕಳ್ಳಿ ಅಲ್ಲ ಅಂತ ಹೇಳ್ತಿದ್ದ" ಎಂದಷ್ಟೇ ನನ್ನಲ್ಲಿ ಹೇಳಿದರು.

ಪತ್ತೇದಾರಿ ನಾಟಕದ ಸೆಳೆತ ಏನೆಂದು ಯಾರಾದರೂ ಕೇಳಿದರೆ ನನಗೆ ಈ ಮಾತು ನೆನಪಾಗುತ್ತದೆ. ನಾಟಕದಲ್ಲಿ ಕಳ್ಳ ಸಿಕ್ಕುವುದು ಅರ್ಧ ಮಾತ್ರ. ಉಳಿದರ್ಧ, ಕಳ್ಳರಲ್ಲದವರ ಹೆಸರು ಎಲ್ಲರೆದುರು ಶುದ್ಧವಾಗುವುದು. ಇನ್‌ಸ್ಪೆಕ್ಟರ್ ಮನೆಯ ಯಜಮಾನನನ್ನೂ ಪ್ರಶ್ನಿಸುತ್ತಾನೆ, ಕೆಲಸದವಳನ್ನೂ ಪ್ರಶ್ನಿಸುತ್ತಾನೆ. ಇಬ್ಬರ ಉತ್ತರಕ್ಕೂ ಒಂದೇ ತಕ್ಕಡಿ. ಸಂಶಯವನ್ನು ಬಾಗಿಲು ಮುಚ್ಚಿ ತಿಳಿಸುವಂತಿಲ್ಲ, ಬಾಯಿಬಿಟ್ಟೇ ಹೇಳಬೇಕು. ಆಗ ಉತ್ತರಿಸಲೂ ಅವಕಾಶವಿರುತ್ತದೆ. ಮಾತಿಲ್ಲದೆಯೇ ಎಷ್ಟೋ ತೀರ್ಪುಗಳನ್ನು ಅನುಭವಿಸಿದ ಹೆಂಗಸರು ಈ ಅರ್ಧ ಗಂಟೆಗಾಗಿ ವಾರವಿಡೀ ಕಾದದ್ದರಲ್ಲಿ ಆಶ್ಚರ್ಯವಿಲ್ಲ. ಬೈದ ಹಿರಿಯರೂ ಬಂದು ಕೂತದ್ದು ಇದಕ್ಕೇ ಇರಬಹುದು. ಪುಸ್ತಕವನ್ನು ಹುಡುಗಿಯೊಬ್ಬಳು ಮೂಲೆಯಲ್ಲಿ ಒಬ್ಬಳೇ ಓದುತ್ತಾಳೆ, ಅವಳೇನು ಯೋಚಿಸುತ್ತಾಳೋ ಎಂಬ ಭಯ. ರೇಡಿಯೋದ ನ್ಯಾಯ ಎಲ್ಲರೂ ಕುಳಿತಲ್ಲಿಯೇ ನಡೆಯುತ್ತದೆ.

ಮುಂದೆ ದೂರದರ್ಶನ ಬಂತು. 1985ರಲ್ಲಿ ಕ್ಯಾರೆಟ್ಟು ಕಡಿಯುತ್ತ ‘ಕರಮ್‌ಚಂದ್’ ಬಂದ, 1993ರಲ್ಲಿ ‘ಬ್ಯೋಮಕೇಶ್ ಬಕ್ಷಿ’ ಬಂದ. 1990ರ ಸುಮಾರಿಗೆ ಸದಾನಂದ ಸುವರ್ಣರ ‘ಗುಡ್ಡದ ಭೂತ’ ನಮ್ಮದೇ ಕರಾವಳಿಯ ಗುಡ್ಡ, ಮನೆಗಳನ್ನು ತೋರಿಸಿ ಇಡೀ ಕರ್ನಾಟಕವನ್ನು ಹೆದರಿಸಿತು. ಪ್ರಕಾಶ್ ರೈ ಅದರಲ್ಲಿ ನಟಿಸಿದ್ದರು. ಅದನ್ನು ನೆನೆಯುವವರು ಮೊದಲು ನೆನೆಯುವುದು ಅದರ ಹಾಡನ್ನು, ಎಂದರೆ ಕಿವಿಗೆ ಬಿದ್ದದ್ದನ್ನೇ. ನೋಡುವ ಪತ್ತೇದಾರಿ ಕಥೆಯಲ್ಲಿ ಸುಖವಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಅಲ್ಲಿ ಕಳ್ಳನ ಮುಖವನ್ನು ಬೇರೆಯವರು ಆರಿಸಿ ಕೊಡುತ್ತಾರೆ. ರೇಡಿಯೋದಲ್ಲಿ ಮುಖ ಕಾಣದು, ಸೀರೆ ಕಾಣದು, ಜಾತಿ ಕಾಣದು. ಮಾತನ್ನು ಮಾತಿನಿಂದಲೇ ತೂಗಬೇಕು.

ಬಂಟ್ವಾಳದ ಶಾಲೆಯಲ್ಲಿ ಒಂದು ಮಳೆಗಾಲದ ಮಧ್ಯಾಹ್ನ ಕರೆಂಟು ಹೋಗಿ ತರಗತಿ ಕತ್ತಲಾಯಿತು. ಎಂಟನೆಯ ತರಗತಿಯ ಮಕ್ಕಳಿಗೆ, ಕಣ್ಣು ಮುಚ್ಚಿ ಕುಳಿತುಕೊಳ್ಳಿ ಎಂದೆ. ಕಾಣೆಯಾದ ಗಡಿಯಾರದ ಬಗ್ಗೆ ಮೂವರು ಕೊಡುವ ಹೇಳಿಕೆಗಳನ್ನು ಅಲ್ಲಿಯೇ ಕಟ್ಟಿ, ಮೂರು ಸ್ವರದಲ್ಲಿ ಹೇಳಿದೆ. ಒಬ್ಬನ ಮಾತಿನಲ್ಲಿ, ಯಾರೂ ಅವನಿಗೆ ಹೇಳದ ಒಂದು ಸಂಗತಿ ಇತ್ತು. ಪರೀಕ್ಷೆಯಲ್ಲಿ ಮೊದಲಿಗರಾಗುವವರು ಅದನ್ನು ಹಿಡಿಯಲಿಲ್ಲ. ಹಿಡಿದವಳು ತಡವರಿಸುತ್ತ ಓದುವ, ಹಿಂದಿನ ಬೆಂಚಿನ ಒಬ್ಬ ಹುಡುಗಿ. "ಟೀಚರ್, ಗಡಿಯಾರ ನಿಂತುಹೋಗಿತ್ತು ಅಂತ ಅವನಿಗೆ ಹೇಗೆ ಗೊತ್ತಾಯ್ತು?" ಎಂದಳು. ತರಗತಿಯೆಲ್ಲ ಹಿಂದೆ ತಿರುಗಿ ಅವಳನ್ನು ನೋಡಿತು. ಆಮೇಲೆ ಹಲವು ಮಳೆಗಾಲ ನನ್ನ ತರಗತಿಗಳಲ್ಲಿ ಈ ಆಟ ನಡೆಯಿತು. ಓದಿನಲ್ಲಿ ಹಿಂದಿರುವ ಮಕ್ಕಳಲ್ಲಿ ಎಂಥ ಕಿವಿಗಳಿವೆ ಎಂದು ನನಗೆ ತಿಳಿದದ್ದು ಹಾಗೆ.

ಈಗ ಏರಿಯಲ್ ತಂತಿ ಬೇಡ, ಬಿಸಿಲಿಗಿಡುವ ಸೆಲ್ಲೂ ಬೇಡ. ಆಕಾಶವಾಣಿ ಕೈಯ ಫೋನಿನಲ್ಲಿಯೇ ಸಿಗುತ್ತದೆ, ಹಳೆಯ ರೇಡಿಯೋ ನಾಟಕಗಳೂ ಹುಡುಕಿದರೆ ಸಿಗುತ್ತವೆ. ಆದರೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬೊಬ್ಬರೇ ಕೇಳಿದರೆ ಅರ್ಧ ರುಚಿ ಹೋದಂತೆಯೇ. ಹಲಸಿನ ಸೊಳೆ ಬಿಡಿಸುವಾಗಲೋ, ಅಲಸಂಡೆ ಮುರಿಯುವಾಗಲೋ ಒಂದು ನಾಟಕವನ್ನು ಗಟ್ಟಿಯಾಗಿ ಹಾಕಿ ನೋಡಿ. ಮನೆಯಲ್ಲಿ ಅತ್ತೆಯವರಿದ್ದರೆ, ಅಜ್ಜಿಯಿದ್ದರೆ, ಕೆಲಸಕ್ಕೆ ಬರುವ ಅಕ್ಕ ಇದ್ದರೆ ಅವರನ್ನೂ ಕೂರಿಸಿಕೊಳ್ಳಿ. ಮುಗಿಯುವ ಮೊದಲು ಒಮ್ಮೆ ನಿಲ್ಲಿಸಿ, "ನಿಮಗೆ ಯಾರು ಅನ್ನಿಸ್ತದೆ?" ಎಂದು ಕೇಳಿ. ಅವರು ಉತ್ತರ ಹೇಳಿ ಮುಗಿಸುವ ತನಕ ಯಾರೂ ನಡುವೆ ಬಾಯಿ ಹಾಕಬೇಡಿ.